ಚಾಪೆಗೆ ಒಂದು ಕಿಲೋ ಕಳೆದು

ಚರ್ಚಿನಲ್ಲಿ ಬೆಳಗಿನ ಐದರ ಗಂಟೆ ಹೊಡೆದು ಇನ್ನೂ ಹತ್ತು ನಿಮಿಷವಾಗಿಲ್ಲ. ಫಿಪೆ ಕೈಗಾಡಿಯನ್ನು ಸಭಾಂಗಣದ ಮೆಟ್ಟಿಲ ಪಕ್ಕ ನಿಲ್ಲಿಸಿ, ಟವೆಲಿನಲ್ಲಿ ಸುತ್ತಿದ ತೂಕದ ಯಂತ್ರವನ್ನು ಎದೆಗವಚಿಕೊಂಡು ಒಳಗೆ ಬರುತ್ತಾರೆ. ಈ ನೆಲ ಎಲ್ಲಿ ಸಮತಟ್ಟಾಗಿದೆ ಎಂಬುದು ಹನ್ನೊಂದು ವರ್ಷದಿಂದ ಅವರಿಗೆ ಗೊತ್ತು: ಎಡಗಡೆಯ ಕಿಟಕಿಯಿಂದ ಮೂರು ಹೆಜ್ಜೆ. ಅಲ್ಲಿ ಯಂತ್ರವಿಟ್ಟು, ಬಾಯಿ ಬಿಚ್ಚದ ಹತ್ತು ಕಿಲೋ ಅಕ್ಕಿ ಚೀಲವನ್ನು ಅದರ ಮೇಲೆ ಕೂರಿಸುತ್ತಾರೆ. ಮುಳ್ಳು ಹತ್ತಕ್ಕೆ ಬಂದು ನಿಲ್ಲುತ್ತದೆ. ಚೀಲ ತೆಗೆದು ಮತ್ತೆ ಇಡುತ್ತಾರೆ. ಮತ್ತೆ ಹತ್ತು. ಮೂರನೇ ಸಲವೂ ಇಟ್ಟು ನೋಡುತ್ತಾರೆ. ಇಷ್ಟು ವರ್ಷ ಒಂದೇ ಸಲ ಸಾಕಾಗುತ್ತಿತ್ತು.

"ಇವತ್ತು ಮೂರು ಸಲ ನೋಡ್ಲೇಬೇಕು," ಎನ್ನುತ್ತಾರೆ, ಯಾರನ್ನೂ ನೋಡದೆ. "ಕಲೊಲೈನೆ ಬರ್ತಾಳೋ ಇಲ್ವೋ. ಬರದಿದ್ರೆ ಅವಳ ತಪ್ಪೇನಿಲ್ಲ. ನಾನಾಗಿದ್ರೆ ನಾನೂ ಬರ್ತಿರಲಿಲ್ಲ."

ಟೋಂಗಾದ ಹಲಾಮೋನು ಮತ್ತು ಅಕ್ಕಪಕ್ಕದ ಎರಡು ಹಳ್ಳಿಗಳಲ್ಲಿ ಫಿಪೆಯವರನ್ನು ಅರಿಯದವರಿಲ್ಲ, ಆದರೆ ಅವರ ಕೆಲಸಕ್ಕೆ ಒಂದು ಹೆಸರು ಕೊಡಿ ಎಂದರೆ ಜನ ತಡವರಿಸುತ್ತಾರೆ. ಅವರು ನರ್ಸ್ ಅಲ್ಲ. ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಅವರ ಫೋಟೊ ಇಲ್ಲ. ಓಡಾಟದ ಖರ್ಚಿಗೆಂದು ಏನೋ ಒಂದಿಷ್ಟು ಬರುತ್ತದೆ, ಅದೂ ನೆನಪಾದಾಗ. ಗುರುವಾರ ಗುರುವಾರ ಅರವತ್ತನಾಲ್ಕು ಜನರ ತೂಕ ನೋಡುವುದು, ಯಾರು ಎಷ್ಟು ತಿನ್ನಬೇಕು ಎಂದು ಹೇಳಿಕೊಡುವುದು, ಯಾರಿಗೆ ತೂಕ ಇಳಿಸುವ ಅಗತ್ಯವಿದೆ, ಯಾರಿಗೆ ಇಲ್ಲ ಎಂದು ನರ್ಸಮ್ಮ ಅನಾಸೆಯಿನಿಯವರ ಜೊತೆ ಕೂತು ಮಾತಾಡುವುದು ಅವರ ಕೆಲಸ. ತೊಂಬತ್ತೆಂಟು ಕಿಲೋ ತೂಗುವ ಹೆಂಗಸು ಇನ್ನೊಬ್ಬರಿಗೆ ಬುದ್ಧಿ ಹೇಳುವುದೇನು ಎಂದು ಮೊದಮೊದಲು ನಕ್ಕವರಿದ್ದರು. ಫಿಪೆಯೂ ಅವರ ಜೊತೆ ಸೇರಿ ನಕ್ಕರು. ತನ್ನ ತೂಕವನ್ನು ಪುಸ್ತಕದ ಮೊದಲ ಸಾಲಿನಲ್ಲೇ ಬರೆದರು.

ಐವತ್ತಮೂರು ವರ್ಷದ ಫಿಪೆ ಈ ಕೆಲಸಕ್ಕೆ ಬಂದದ್ದು ತಾಯಿಯ ಕಾಲು ಹೋದ ಮೇಲೆ. ಸಕ್ಕರೆ ಕಾಯಿಲೆ ಮೊದಲು ಹೆಬ್ಬೆರಳನ್ನು ತಿಂದಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಅಲ್ಲಿಯವರೆಗೆ ಫಿಪೆ ಬಂದರಿನ ಮೀನಿನ ಶೆಡ್ಡಿನಲ್ಲಿ ಐಸ್ ತುಂಬುತ್ತಿದ್ದರು. "ಅಮ್ಮನಿಗೆ ಯಾರೂ ಹೇಳಲಿಲ್ಲ. ಹೇಳಿದವರು ದೊಡ್ಡ ದೊಡ್ಡ ಮಾತಲ್ಲಿ ಹೇಳಿದ್ರು. ಕಾಗದದ ಮೇಲೆ ಸಾವಿರದ ಎಂಟುನೂರು ಕ್ಯಾಲೊರಿ ಅಂತ ಬರೆದುಕೊಟ್ರು. ಅಮ್ಮ ಅದನ್ನ ಬೈಬಲ್ ಒಳಗಿಟ್ಟು ಊಟಕ್ಕೆ ಕೂತ್ಳು."

ಅದಕ್ಕೇ ಫಿಪೆ ಕಾಗದ ಕೊಡುವುದಿಲ್ಲ, ಬೀಜ ಕೊಡುತ್ತಾರೆ. ಹಿತ್ತಿಲಲ್ಲಿ ಉದುರಿ ಬೀಳುವ ತುಯಿತುಯಿ ಬೀಜ, ಅಡಿಕೆಗಿಂತ ಸ್ವಲ್ಪ ದಪ್ಪ. ತಿನ್ನಲಿಕ್ಕಲ್ಲ, ಎಣಿಸಲಿಕ್ಕೆ: ಒಂದು ಬೀಜವೆಂದರೆ ನೂರು ಕ್ಯಾಲೊರಿಯ ಊಟ. ದಿನವಿಡೀ ಕೂತು ಚಾಪೆ ನೇಯುವ ದಪ್ಪ ಹೆಂಗಸಿನ ದೇಹ ಇದ್ದ ಹಾಗೇ ಇರಲು ಇಪ್ಪತ್ತೆರಡು ಬೀಜ ಬೇಕು. ತೋಟದಲ್ಲಿ ಗೆಡ್ಡೆ ಅಗೆಯುವ ಅವಳ ಗಂಡನಿಗೆ ಮೂವತ್ತೆರಡಾದರೂ ಬೇಕು. ಒಂದು ಮುಷ್ಟಿ ಗೆಡ್ಡೆ ತಿಂದರೆ ಒಂದೂವರೆ ಬೀಜ ದಿನದ ಚೀಲದಿಂದ ತಿಂದದ್ದರ ಚೀಲಕ್ಕೆ. ಡಬ್ಬದ ಮಾಂಸ ಪೂರ್ತಿ ಖಾಲಿ ಮಾಡಿದರೆ ಎಂಟು. ತೆಂಗಿನ ಹಾಲು ಸುರಿದು ಕೆಸುವಿನೆಲೆಯಲ್ಲಿ ಕಟ್ಟಿದ ಭಾನುವಾರದ ಪೊಟ್ಟಣ ಎಷ್ಟು ಎಂದು ಕೇಳಿದರೆ ಫಿಪೆ ಕಣ್ಣು ಮಿಟುಕಿಸುತ್ತಾರೆ: "ಅದನ್ನ ಪ್ರಾರ್ಥನೆ ಆದ ಮೇಲೆ ಹೇಳ್ತೀನಿ."

ತೂಕ ಇಳಿಸಬೇಕೆಂದು ನಿಜವಾಗಿ ನಿರ್ಧಾರ ಮಾಡಿದವರಿಗೆ ಮಾತ್ರ ದಿನಕ್ಕೆ ಐದು ಬೀಜ ಕಡಿಮೆ. ನಿರ್ಧಾರ ಅವರೇ ಮಾಡಬೇಕು. ಇಲ್ಲಿ ಅದು ಸುಲಭದ ಮಾತಲ್ಲ. ಹೆಂಗಸು ಸೊರಗಿದರೆ ಗಂಡನ ಮನೆಯಲ್ಲಿ ಒಲೆ ಉರಿಯುತ್ತಿಲ್ಲ ಎಂದು ಊರು ಆಡಿಕೊಳ್ಳುತ್ತದೆ. ಬಡಿಸಿದ್ದನ್ನು ಬೇಡವೆಂದರೆ ಬಡಿಸಿದವರ ಮುಖ ಸಣ್ಣದಾಗುತ್ತದೆ. ಅರವತ್ತನಾಲ್ಕರಲ್ಲಿ ಐದು ಬೀಜ ಬಿಟ್ಟವರು ಹತ್ತೊಂಬತ್ತು ಮಂದಿ. ಅವರಲ್ಲಿ ಎಲ್ಲರಿಗಿಂತ ಪ್ರಾಮಾಣಿಕರು ಕಲೊಲೈನೆ.

ಅದನ್ನು ಫಿಪೆ ಈಗ ಹೇಳುತ್ತಾರೆ. ಜೂನ್ ತಿಂಗಳಲ್ಲಿ ಹೇಳಿರಲಿಲ್ಲ, ಅದೇ ಅವರ ಸಂಕಟ.

ಕಲೊಲೈನೆಗೆ ನಲವತ್ತಾರು. ಕೇದಗೆ ಗರಿಯ ಚಾಪೆ ನೇಯುವುದರಲ್ಲಿ ಎತ್ತಿದ ಕೈ. ಅವರನ್ನು ಸಾಕಿ ಬೆಳೆಸಿದ್ದು ಸೋದರತ್ತೆ. ಆ ಅತ್ತೆಗೂ ಸಕ್ಕರೆ ಕಾಯಿಲೆ, ಕೊನೆಕೊನೆಗೆ ಕಣ್ಣೂ ಹೋಗಿತ್ತು. ಫೆಬ್ರುವರಿಯಲ್ಲಿ ತನ್ನ ರಕ್ತದಲ್ಲೂ ಸಕ್ಕರೆ ಇದೆ ಎಂದು ತಿಳಿದಾಗ ಕಲೊಲೈನೆ ನೇರವಾಗಿ ಫಿಪೆಯ ಮನೆಗೆ ಬಂದು ಕೂತರು. "ಅಕ್ಕಾ, ಅತ್ತೆ ಹಾಗೆ ನಾನು ತಡಕಾಡಿಕೊಂಡು ಬದುಕಲ್ಲ. ಎಷ್ಟು ಬೀಜ ಬಿಡ್ಬೇಕು ಹೇಳು." ಆಗ ಅವರ ತೂಕ ನೂರ ಹನ್ನೆರಡು. ಹದಿನೇಳು ಬೀಜದ ಚೀಲ ಹಿಡಿದು ಹೋದರು. ಸಕ್ಕರೆ ಕಾಯಿಲೆಗೆ ಬೆಳಗಿನ ಮಾತ್ರೆಯೂ ಶುರುವಾಯಿತು. ಮಾರ್ಚ್ ಕೊನೆಗೆ ನೂರ ಒಂಬತ್ತು.

ಏಪ್ರಿಲ್‌ನಲ್ಲಿ ಅತ್ತೆ ತೀರಿಕೊಂಡರು.

ಇಲ್ಲಿ ಫಿಪೆಯ ಒಂದು ಹಳೆಯ ಲೆಕ್ಕಾಚಾರದ ವಿಷಯ ಹೇಳಬೇಕು. ಇಲ್ಲಿ ಸೊಂಟಕ್ಕೆ ಸುತ್ತುವ ಚಾಪೆಯೇ ಗೌರವದ ಉಡುಪು, ಚರ್ಚಿನ ಸಭಾಂಗಣಕ್ಕೆ ಯಾರೂ ಅದಿಲ್ಲದೆ ಬರುವುದಿಲ್ಲ. ತೂಕ ನೋಡಬೇಕು, ಚಾಪೆ ಬಿಚ್ಚಿ ಎನ್ನುವುದು ಬಟ್ಟೆ ಬಿಚ್ಚಿ ಎಂದ ಹಾಗೆ. ಅದಕ್ಕೆ ಫಿಪೆ ಮೊದಲ ವರ್ಷವೇ ಒಂದಷ್ಟು ಚಾಪೆಗಳನ್ನು ತೂಗಿ, ಹಗ್ಗವೂ ಸೇರಿ ಸುಮಾರು ಒಂದು ಕಿಲೋ ಎಂದು ಕಂಡುಕೊಂಡರು. ಅಂದಿನಿಂದ ಯಾರೇ ಹತ್ತಿದರೂ ಒಂದು ಕಿಲೋ ಕಳೆದು ಬರೆಯುತ್ತಾರೆ. ಸೂತಕದಲ್ಲಿರುವವರು ಸಾಮಾನ್ಯವಾಗಿ ತೂಕಕ್ಕೆ ಬರುವುದೇ ಇಲ್ಲ. ಕಲೊಲೈನೆ ಬಂದರು. ಮೇ ತಿಂಗಳ ನಡುವಿನ ಗುರುವಾರ, ಸತ್ತ ಅತ್ತೆಯ ಮುಂದೆ ಸೊಸೆ ಎಷ್ಟು ಕಿರಿಯಳೆಂದು ತೋರಿಸುವ ಆ ಹಳೆಯ, ಅಂಚು ಹರಿದ, ಎದೆಯಿಂದ ಮೊಣಕಾಲಿನ ಕೆಳಗಿನವರೆಗೆ ಮುಚ್ಚುವ ಚಾಪೆ ಸುತ್ತಿಕೊಂಡು, ಒಳಗೊಂದು ಚಾಪೆಯನ್ನೂ ಕಟ್ಟಿಕೊಂಡು ಯಂತ್ರದ ಮೇಲೆ ನಿಂತರು.

ಫಿಪೆ ಎಂದಿನಂತೆ ಒಂದು ಕಿಲೋ ಕಳೆದರು. ನೂರ ಹನ್ನೊಂದೂವರೆ ಎಂದು ಬರೆದರು.

"ಹೊಳೆಯಲಿಲ್ವಾ ಅಂತ ನೀವು ಕೇಳ್ಬಹುದು. ಹೊಳೀತು," ಎನ್ನುತ್ತಾರೆ ಫಿಪೆ. "ಚಾಪೆ ದೊಡ್ಡದು ಅಂತ ಕಣ್ಣಿಗೆ ಕಂಡಿತ್ತು. ಆದ್ರೆ ಸೂತಕದ ಚಾಪೆ ಎಷ್ಟು ತೂಗುತ್ತೆ ಅಂತ ಹ್ಯಾಗೆ ಕೇಳ್ಲಿ? ಅವಳ ದುಃಖ ತಕ್ಕಡೀಲಿ ಇಟ್ಟ ಹಾಗಾಗಲ್ವಾ? ಸುಮ್ಮನಾದೆ. ಸಾವಿನ ಮನೇಲಿ ಎಲ್ಲರೂ ಹೊಟ್ಟೆ ತುಂಬ ತಿಂತಾರೆ, ಇವಳೂ ತಿಂದಿರ್ಬೇಕು ಅಂದ್ಕೊಂಡೆ." ಹದಿನೇಳು ಬೀಜ ಹದಿನಾಲ್ಕಾಯಿತು.

ಜೂನ್ ನಡುವಿನಲ್ಲಿ, ಅದೇ ಚಾಪೆಗಳಲ್ಲಿ, ನೂರ ಹತ್ತು. ಮಾರ್ಚಿಗಿಂತ ಒಂದು ಕಿಲೋ ಜಾಸ್ತಿ. ಹದಿನಾಲ್ಕು ಬೀಜ ಹನ್ನೆರಡಾಯಿತು. ಅವತ್ತು ಫಿಪೆ ಕಲೊಲೈನೆಯನ್ನು ಕಿಟಕಿಯ ಬಳಿ ಕರೆದು ತಗ್ಗಿದ ದನಿಯಲ್ಲಿ ಕೇಳಿದರು: "ನಂಗೆ ನಿಜ ಹೇಳೇ. ಬೀಜ ಎಣಿಸದೆ ಏನು ತಿಂತಿದೀಯ?"

"ಏನೂ ಇಲ್ಲ ಅಕ್ಕಾ."

"ಯಂತ್ರ ಸುಳ್ಳು ಹೇಳಲ್ಲ ಕಣೇ. ಅಕ್ಕಿ ಚೀಲ ಇಟ್ಟು ನೋಡಿದೀನಿ."

ಕಲೊಲೈನೆ ಹನ್ನೆರಡು ಬೀಜದ ಚೀಲ ಎತ್ತಿಕೊಂಡು ಹೊರಟರು. ಮನೆಯಲ್ಲೂ ಅದೇ ಕಥೆ. ಗಂಡ ಫೆಲೇಟಿ ತಮಾಷೆಯ ಮನುಷ್ಯ, ಊಟಕ್ಕೆ ಕೂತಾಗಲೆಲ್ಲ ಎದುರಿನ ಡಬ್ಬಗಳನ್ನು ಎಣಿಸುವ ನಾಟಕ ಆಡುತ್ತಿದ್ದರಂತೆ. "ಹಂದಿಗೆ ಹಾಕಿದ ಗೆಡ್ಡೇನೂ ಕಮ್ಮಿಯಾಗಿದೆ, ಯಾರನ್ನ ಕೇಳೋಣ?" ಎಂದು ನೆಂಟರ ಮುಂದೆ ಅಂದದ್ದೂ ಉಂಟು. ಎಲ್ಲರೂ ನಗುತ್ತಿದ್ದರು. ಕಲೊಲೈನೆಗೆ ತಲೆ ತಿರುಗುತ್ತಿತ್ತು, ಬೆರಳು ನಡುಗಿ ನೇಯ್ಗೆಯ ಎಳೆ ತಪ್ಪುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ತಿನ್ನಲು ನೆಪ ಹುಡುಕುತ್ತಾಳೆ ಎನ್ನುತ್ತಿದ್ದರು.

ಜೂನ್ ಕೊನೆಯ ವಾರ, ನೇಯ್ಗೆಯ ಚಪ್ಪರದಲ್ಲಿ ಅವರು ಕೂತಲ್ಲೇ ಪಕ್ಕಕ್ಕೆ ವಾಲಿ ಬಿದ್ದರು. ಮೈಯೆಲ್ಲ ಬೆವರು. ಅನಾಸೆಯಿನಿ ಓಡಿ ಬಂದು ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಪಾತಾಳಕ್ಕಿಳಿದಿತ್ತು. ಬಾಯಿಗೆ ಜೇನು ಸವರಿದರು. ಇನ್ನರ್ಧ ಗಂಟೆ ತಡವಾಗಿದ್ದರೆ ಏನಾಗುತ್ತಿತ್ತು ಎಂಬ ಮಾತನ್ನು ಆ ನರ್ಸಮ್ಮ ಇವತ್ತಿಗೂ ಪೂರ್ತಿ ಮಾಡುವುದಿಲ್ಲ. ಮಾತ್ರೆ ನುಂಗಿ ಇಷ್ಟು ಕಡಿಮೆ ತಿಂದರೆ ಹೀಗಾಗುತ್ತದೆ ಎಂದಷ್ಟೇ ಹೇಳಿದರು. ಮಾತ್ರೆಯನ್ನು ಅರ್ಧಕ್ಕಿಳಿಸಿದರು.

"ಹಾಗಾದ್ರೆ ಅವಳು ತಿಂದೇ ಇರ್ಲಿಲ್ಲ," ಎಂದು ಫಿಪೆಗೆ ಆಗ ತಟ್ಟಿತು. ಹೆಚ್ಚಿದ ತೂಕ ಮೈಯದಲ್ಲ, ಸೂತಕದ ಚಾಪೆಯದು. ತಾನು ಇನ್ನೆಷ್ಟು ಜನಕ್ಕೆ ಹೀಗೆ ಮಾಡಿದ್ದೇನೋ ಎಂದು ಹನ್ನೊಂದು ವರ್ಷದ ಪುಸ್ತಕಗಳನ್ನು ಹರಡಿಕೊಂಡು ಸಾವಿನ ತಿಂಗಳುಗಳನ್ನು ಹುಡುಕಿದರು. ಇನ್ನಿಬ್ಬರು ಸಿಕ್ಕರು. ಅವರ ಮನೆಗಳಿಗೂ ಹೋಗಿ ಬಂದರು. ದೇವರ ದಯೆ, ಇಬ್ಬರೂ ಬೀಜ ಎಣಿಸುವುದನ್ನು ಎಂದೋ ಬಿಟ್ಟಿದ್ದರು.

ಕಳೆದ ಸೋಮವಾರ ಕಲೊಲೈನೆಯ ಸೂತಕ ಮುಗಿಯಿತು. ಮಂಗಳವಾರ ಫಿಪೆ ಯಂತ್ರವನ್ನು ಕೈಗಾಡಿಯಲ್ಲಿಟ್ಟುಕೊಂಡು ಅವರ ಮನೆಗೆ ಹೋದರು. ಒಳಗೆ ಹೋಗದೆ ಹೊಸ್ತಿಲಾಚೆ ನೆಲದ ಮೇಲೆ ತಲೆತಗ್ಗಿಸಿ ಕೂತರು. ಕ್ಷಮೆ ಕೇಳುವವರು ಇಲ್ಲಿ ಹಾಗೇ ಕೂರುವುದು. ಒಳಗಿನಿಂದ ಯಾರಾದರೂ ಬಾ ಎನ್ನುವವರೆಗೆ ಏಳುವಂತಿಲ್ಲ. ತುಂಬ ಹೊತ್ತು ಯಾರೂ ಕರೆಯಲಿಲ್ಲ. ಕೊನೆಗೆ ಕಲೊಲೈನೆಯೇ ಮಡಿಚಿದ ಎರಡು ಚಾಪೆಗಳನ್ನು ಎತ್ತಿಕೊಂಡು ಬಂದು ಯಂತ್ರದ ಮೇಲೆ ಹಾಕಿದರು. ಹಗ್ಗವನ್ನೂ ಅದರ ಮೇಲಿಟ್ಟರು.

ಐದು ಕಿಲೋ.

ಕಳೆಯಬೇಕಾದದ್ದು ಐದು, ಕಳೆದದ್ದು ಒಂದು. ಫೆಲೇಟಿ ಬಾಗಿಲಲ್ಲಿ ನಿಂತು ಮುಳ್ಳನ್ನೇ ನೋಡುತ್ತಿದ್ದರು. ಅವತ್ತು ಅವರು ಏನೂ ತಮಾಷೆ ಮಾಡಲಿಲ್ಲ. ಕಲೊಲೈನೆ ಮಾತ್ರ ಒಂದು ಮಾತು ಕೇಳಿದರು: "ಯಂತ್ರ ಸುಳ್ಳು ಹೇಳಲ್ಲ ಅಂದ್ಯಲ್ಲ ಅಕ್ಕಾ. ನಾನು ಹೇಳ್ತೀನಿ ಅಂತ ಯಾಕೆ ಅಂದ್ಕೊಂಡೆ?"

ಫಿಪೆ ಪುಸ್ತಕ ತೆರೆದು ಮೇ, ಜೂನ್ ತಿಂಗಳ ಸಾಲುಗಳ ಮೇಲೆ ಗೀಟೆಳೆದರು.

ಸಭಾಂಗಣ ತುಂಬುತ್ತಿದೆ. ಆರೂವರೆ. ಹೆಂಗಸರು ಗೋಡೆಗೊರಗಿ ಕೂತು ಒಬ್ಬರನ್ನೊಬ್ಬರು ಛೇಡಿಸುತ್ತಿದ್ದಾರೆ. "ಭಾನುವಾರ ನಿನ್ ತಟ್ಟೇಲಿ ಕುರಿಯ ಪಕ್ಕೆ ಕಂಡೆ ಕಣೇ, ಬೀಜ ಎಲ್ಲಿಂದ ತಂದೆ, ಪಕ್ಕದ ಮನೆಯಿಂದ ಸಾಲಾನಾ?" ಫಿಪೆ ಒಬ್ಬೊಬ್ಬರನ್ನೇ ಹತ್ತಿಸುತ್ತಾರೆ. ಈಗ ಹೊಸ ಕ್ರಮ: ಯಂತ್ರದ ಪಕ್ಕ ಒಂದು ಪರದೆ. ಅದರ ಹಿಂದೆ ಚಾಪೆ ಬಿಚ್ಚಿಟ್ಟು ಬರಬೇಕು. ನಾಲ್ಕೈದು ಜನ ಮುಖ ಗಂಟಿಕ್ಕಿದರು, ಒಬ್ಬಳು ಬಿಚ್ಚದೆ ವಾಪಸ್ ಹೋದಳು. ಫಿಪೆ ಯಾರನ್ನೂ ಬಲವಂತ ಮಾಡುವುದಿಲ್ಲ, ಹಳೆಯ ಒಂದು ಕಿಲೋವನ್ನೂ ಕಳೆಯುವುದಿಲ್ಲ. ನಡುನಡುವೆ ರಸ್ತೆಯ ಕಡೆ ನೋಡುತ್ತಾರೆ.

ಏಳು ಗಂಟೆ ದಾಟಿದ ಮೇಲೆ ಕಲೊಲೈನೆ ಬರುತ್ತಾರೆ. ಮಾತೆಲ್ಲ ನಿಲ್ಲುತ್ತದೆ, ಏಕೆಂದರೆ ಕದ್ದು ತಿನ್ನುವವಳ ಕಥೆ ಕೇಳದವರು ಅಲ್ಲಿ ಯಾರೂ ಇಲ್ಲ. ಅವರು ಪರದೆಯ ಹಿಂದೆ ಹೋಗಿ ಬಂದು ಯಂತ್ರದ ಮೇಲೆ ನಿಲ್ಲುತ್ತಾರೆ. ನೂರ ನಾಲ್ಕೂವರೆ.

ಫಿಪೆ ಅದನ್ನು ಬರೆಯುವ ಮೊದಲು ಎದ್ದು ನಿಲ್ಲುತ್ತಾರೆ. ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ: "ಇವಳು ಒಂದು ಬೀಜಾನೂ ಕದ್ದಿಲ್ಲ. ತಿನ್ನಬೇಕಾದ್ದಕ್ಕಿಂತ ಕಮ್ಮೀನೇ ತಿಂದಿದಾಳೆ. ಲೆಕ್ಕ ತಪ್ಪಿದ್ದು ನಾನು. ಇವಳು ಸತ್ತೇ ಹೋಗ್ತಿದ್ಲು. ಇನ್ಯಾರಿಗಾದ್ರೂ ಆಡಿಕೊಳ್ಳೋದಿದ್ರೆ, ಇವಳ ಬಗ್ಗೆ ಅಲ್ಲ, ನನ್ನ ಬಗ್ಗೆ ಆಡ್ಕೊಳ್ಳಿ." ಯಾರೋ ಒಬ್ಬರು ಕೆಮ್ಮುತ್ತಾರೆ. ಮುಂದಿನ ಸಾಲಿನ ಮುದುಕಿಯೊಬ್ಬರು ಸರಿದು ಕಲೊಲೈನೆಗೆ ಜಾಗ ಮಾಡಿಕೊಡುತ್ತಾರೆ.

ಇನ್ನು ಇಳಿಸಬೇಕೋ ಬೇಡವೋ ಎಂಬ ಪ್ರಶ್ನೆ ಉಳಿದಿದೆ. ಈಗಿನ ಮೈಗೆ ಇಪ್ಪತ್ತೊಂದು ಬೀಜ ಕೊಟ್ಟು ಮೂರು ತಿಂಗಳು ಇಲ್ಲೇ ನಿಲ್ಲಿಸಿ, ಸಕ್ಕರೆ ಸ್ಥಿರವಾದ ಮೇಲೆ ಯೋಚಿಸಿ ಎನ್ನುವುದು ಆರೋಗ್ಯ ಕೇಂದ್ರದ ಡಾಕ್ಟರ ಸಲಹೆ. ಫಿಪೆ ಅದನ್ನು ಹೇಳುತ್ತಾರೆ. ಈ ಸಲ ಒಂದು ಮಾತನ್ನೂ ಸೇರಿಸುವುದಿಲ್ಲ.

"ಮೂರು ತಿಂಗಳು ನಿಲ್ತೀನಿ," ಎನ್ನುತ್ತಾರೆ ಕಲೊಲೈನೆ. "ಆಮೇಲೆ ಮತ್ತೆ ಇಳಿಸ್ತೀನಿ. ಕಣ್ಣು ಬೇಕು ನಂಗೆ. ಆದ್ರೆ ಅಕ್ಕಾ, ಇನ್ಮೇಲೆ ತಲೆ ತಿರುಗುತ್ತೆ ಅಂತ ನಾನು ಹೇಳಿದ ದಿನ ನೀನು ಪುಸ್ತಕ ನೋಡಬಾರ್ದು. ನನ್ನ ಮುಖ ನೋಡ್ಬೇಕು."

ಹನ್ನೊಂದು ವರ್ಷದಲ್ಲಿ ಯಾರ ಎದುರೂ ಅಳದ ಹೆಂಗಸು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಎಲ್ಲರೂ ಹೋದ ಮೇಲೆ, ನಿಮಗೇನು ಬೇಕು ಎಂದು ಕೇಳಿದರೆ ಫಿಪೆ ಹೊಸ ಯಂತ್ರ ಕೇಳುವುದಿಲ್ಲ, ಸಂಬಳ ಕೇಳುವುದಿಲ್ಲ. ಪುಸ್ತಕ ಮುಚ್ಚಿ, ಯಂತ್ರವನ್ನು ಮತ್ತೆ ಟವೆಲಿನಲ್ಲಿ ಸುತ್ತುತ್ತಾರೆ.

"ಅವಳು ವಾಪಸ್ ಬಂದ್ಳು," ಎನ್ನುತ್ತಾರೆ. "ನನ್ನ ಕೈಯಲ್ಲಿ ಸಾಯೋ ಹಾಗಾಗಿ, ಮತ್ತೆ ನನ್ನ ಹತ್ರಾನೇ ಬಂದ್ಳು. ಮುಂದಿನ ಗುರುವಾರವೂ ಬರ್ಲಿ. ಅಷ್ಟು ಸಾಕು ನಂಗೆ."