ಆಕಿ ಬ್ಯಾಡ ಅಂದಿದ್ಲು

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಬೆಳ್ಳುಳ್ಳಿ, ಕೆಂಪು ಖಾರ, ಹುರಿದ ಶೇಂಗಾ ಮೂರೂ ಕೂಡಿದ ಘಾಟು ಮೂಗಿಗೆ ಬಡಿಯಿತು. ಮಿಕ್ಸರಿನಲ್ಲಿ ತಿರುಗಿಸಿದ ಚಟ್ನಿಯಲ್ಲ, ಕುಟ್ಟಿದ್ದು. ಆ ವಾಸನೆಯೇ ಬೇರೆ, ಸೊಲ್ಲಾಪುರದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ತಂದವಳು ನಮ್ಮ ಹಳೆಯ ವಾಡೆಯ ಮಾವಶಿಯ ಮೊಮ್ಮಗಳು. ಚಹಾ ಕುಡಿಯುತ್ತ ಅಂದಳು: "ಆತ್ಯಾ, ನೀವು ಪೇಪರಿನ್ಯಾಗ ಬರೀತೀರಲ್ಲ, ನಮ್ಮ ಅಜ್ಜೀ ಮ್ಯಾಲ ಒಂದು ಬರೀರಿ. ಆ ಕಾಲದಾಗ ಲವ್ ಮ್ಯಾರೇಜ್ ಮಾಡಿಕೊಂಡಾಕಿ ಅಕಿ!"

ನಾನು ಹೂಂ ಅಂದೆ. ಹೂಂ ಅನ್ನುವುದೇನೋ ಸುಲಭ...

ಮಾವಶಿ ಅಂದರೆ ಚಿಕ್ಕಮ್ಮ, ಆದರೆ ಆಕೆ ನನಗೆ ರಕ್ತಸಂಬಂಧಿಯಲ್ಲ. ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ಪೇಟೆಯೊಳಗೆ, ಒಂದೇ ಅಂಗಳದ ಸುತ್ತ ಹತ್ತಾರು ಮನೆಗಳಿದ್ದ ಆ ವಾಡೆಯಲ್ಲಿ ನಮ್ಮದೂ ಆಕೆಯದೂ ಎದುರುಬದುರು ಮನೆ. ಗಂಡಸರೆಲ್ಲ ಅಂಗಡಿಗೆ ಹೋದ ಮೇಲೆ ಮಧ್ಯಾಹ್ನದ ಅಂಗಳ ಹೆಂಗಸರದು. ಮಾವಶಿ ಕಬ್ಬಿಣದ ಖಲಬತ್ತಾದಲ್ಲಿ ಚಟ್ನಿ ಕುಟ್ಟುವಳು, ಉಳಿದವರು ಅಕ್ಕಿ ಆರಿಸುವರು, ನಾನು ಕಥೆ ಓದಿ ಹೇಳುತ್ತಿದ್ದೆ. ಮನೆಯಲ್ಲಿ ಆಡುವುದು ಕನ್ನಡವಾದರೂ ಅವರೆಲ್ಲ ಕಲಿತದ್ದು ಮರಾಠಿ ಸಾಲೆ. ಮಾವಶಿಯಂತೂ ಯಾವ ಸಾಲೆಯ ಮೆಟ್ಟಿಲನ್ನೂ ಹತ್ತಿದವಳಲ್ಲ. ಕನ್ನಡ ಸಾಲೆಗೆ ಹೋದವಳು ನಾನೊಬ್ಬಳೇ. ಅಪ್ಪ ಬಸ್ ಸ್ಟ್ಯಾಂಡಿನಿಂದ ಕನ್ನಡದ ವಾರಪತ್ರಿಕೆ ತಂದರೆಂದರೆ ನನ್ನ ಗತ್ತು ಕೇಳುವುದೇ ಬೇಡ.

ಮಾವಶಿಗೆ ಕಥೆಯೆಂದರೆ ಪ್ರಾಣ. ಅದರಲ್ಲೂ ಖೂನಿಯ ಕಥೆ. ಕೊಂದವನು ಯಾರೆಂದು ನನಗಿಂತ ಮೊದಲೇ ಪತ್ತೆ ಹಚ್ಚಿ ಒಂದು ಏಟು ಜೋರಾಗಿ ಕುಟ್ಟುವಳು. ವಾಡೆಯಲ್ಲಿ ಆಕೆಯದೇ ಒಂದು ಕಥೆಯೂ ಇತ್ತು. ಆಕೆಯ ಗಂಡ, ನಮ್ಮೆಲ್ಲರ ಕಾಕಾ, ಆಕೆಯನ್ನು ಹಳ್ಳಿಯಿಂದ ಓಡಿಸಿಕೊಂಡು ಬಂದು ಮದುವೆಯಾದವರಂತೆ. ಮರಾಠಿಯಲ್ಲಿ "ಪಳವೂನ್ ಆಣಲೀ", ಕನ್ನಡದಲ್ಲಿ "ಓಡಿಸಿಕೊಂಡು ಬಂದಾನ". ಹಬ್ಬಕ್ಕೆ ನಾಲ್ಕು ಜನ ಕೂಡಿದರೆ ಸಾಕು, ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂದಹಾಗೆ ಅದೇ ಮಾತು. ಹೊಸ ಸೊಸೆಯಂದಿರು ಕಣ್ಣರಳಿಸಿ ಕೇಳುವರು. ಮಾವಶಿ ಸೆರಗು ಸರಿಮಾಡಿಕೊಂಡು ಒಳಗೆ ಎದ್ದುಹೋಗುವಳು. ನಾಚಿಕೆ ಅಂದುಕೊಂಡಿದ್ದೆವು. ಕಾಕಾ ತೀರಿಕೊಂಡ ಮೇಲೂ ಆ ಕಥೆ ನಿಲ್ಲಲಿಲ್ಲ.

ಕಾಕಾ ಹೋದ ಮೇಲಿನ ಒಂದು ವರ್ಷ ಪತ್ರಿಕೆಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಸಾವುಕಾರನ ಮಗ ಬಡವರ ಹುಡುಗಿಯನ್ನು ಹೊತ್ತೊಯ್ದು ತೋಟದ ಮನೆಯಲ್ಲಿ ಕೂಡಿಹಾಕುತ್ತಾನೆ. ಬೇಡ ಬೇಡ ಅಂದರೂ ಬಿಡುವುದಿಲ್ಲ. ಬರೆದವರ ಶೈಲಿ ಮಾತ್ರ ಜೇನು. ಅವನ ಅಗಲವಾದ ಎದೆ, ಕಣ್ಣಿನ ಕೆಂಪು, ಹೊರಗೆ ಬೆಳದಿಂಗಳು... ಕೆಲವೇ ವಾರಗಳಲ್ಲಿ ಹುಡುಗಿಗೆ ಅವನ ಮೇಲೆ ಪ್ರೀತಿ ಹುಟ್ಟಿತು. ಹದಿನೆಂಟರ ನನಗೂ ಹುಟ್ಟಿತ್ತು, ಸುಳ್ಳೇಕೆ ಹೇಳಲಿ. ಆ ಭಾಗ ಓದುವಾಗ ನನ್ನ ದನಿ ನಡುಗುತ್ತಿತ್ತು.

ಕುಟ್ಟುವ ಸದ್ದು ನಿಂತಿತು.

"ನಿಂದರ. ಆ ಹುಡುಗಿ ಬ್ಯಾಡ ಅಂದಿದ್ಲಲ್ಲ?"

"ಬಾಯಿಲೆ ಅಂದಿದ್ಲು ಮಾವಶಿ. ಮನಸಿನ್ಯಾಗ ಬೇಕಾಗಿತ್ತು."

"ಅಕಿ ಮನಸಿನ್ಯಾಗಿಂದು ಈ ಬರದಾಂವಗ ಯಾರು ಹೇಳಿದ್ರು?"

ನನಗೆ ಸಿಟ್ಟು ಬಂತು. "ಅದು ಕಥಿ, ಖರೇ ಅಲ್ಲ. ಖೂನಿ ಕಥಿ ಆದ್ರ ನಡೀತದ ನಿನಗ, ಇದ್ಯಾಕ ನಡ್ಯೂದಿಲ್ಲ?"

"ಖೂನಿ ಕಥ್ಯಾಗ ಸತ್ತಾಂವ ಎದ್ದು ಬಂದು, ಛಲೋ ಮಾಡಿದಿಪಾ ಅಂತ ಕೊಂದಾಂವನ ಕೊಳ್ಳಾಗ ಮಾಲಿ ಹಾಕೂದಿಲ್ಲ ತಂಗಿ."

ಎಲ್ಲರೂ ನಕ್ಕರು. ಆಕೆ ನಗಲಿಲ್ಲ. "ಕೆಟ್ಟದ್ದು ಬರೀಬ್ಯಾಡ್ರಿ ಅನ್ನೂದಿಲ್ಲ ನಾ. ಬರೀಲಿ. ಖಾರಕ್ಕ ಖಾರ ಅಂತ ಬರೀಲಿ. ಬೆಲ್ಲ ಅಂತ ಹೇಳಿ ಹುಡುಗ್ಯಾರ ಬಾಯಾಗ ಹಾಕಬಾರದು," ಎಂದು ಮತ್ತೆ ಕುಟ್ಟತೊಡಗಿದಳು.

ಆ ಗುರುವಾರ ಆಕೆ ಅಕ್ಕಲಕೋಟೆಗೆ ದರ್ಶನಕ್ಕೆ ಹೊರಟಾಗ ನನ್ನನ್ನೂ ಕರೆದಳು. ಇನ್ನೂ ಮುನಿಸಿನಲ್ಲಿದ್ದರೂ ಹೋದೆ, ಬಸ್ಸಿನ ಆಸೆಗೆ. ವಳಸಂಗ ದಾಟಿದ ಮೇಲೆ ಮಾವಶಿ ಕಿಟಕಿಯಿಂದ ಕೈ ತೋರಿಸಿದಳು. ಜೋಳದ ಹೊಲದ ನಡುವೆ ಒಂದು ಹಾಳು ಬಾವಿ.

"ಅಲ್ಲೇ ನೀರಿಗಿ ಹೋಗಿದ್ದೆ. ನಿಮ್ಮ ಕಾಕಾ ಮತ್ತ ಅವರ ಗೆಳ್ಯಾರು ಎತ್ತಿ ಗಾಡ್ಯಾಗ ಹಾಕ್ಕೊಂಡು ಹೋದ್ರು. ಬ್ಯಾಡ ಬ್ಯಾಡ ಅಂತ ಒದರಿದ್ದೆ."

ನಾನು ಹೊರಳಿ ಆ ಬಾವಿ ಮರೆಯಾಗುವವರೆಗೂ ನೋಡಿದೆ.

"ಎಲ್ಲಾರೂ ಓಡಿ ಬಂದಾಕಿ ಅಂತಾರ ನನಗ. ಓಡಿದ್ದು ಒಮ್ಮೆ ಖರೇ. ಅವರ ಕೈ ತಪ್ಪಿಸಿಕೊಂಡು ನಮ್ಮಪ್ಪನ ಮನಿಗಿ ಓಡಿದ್ದೆ."

ಅಪ್ಪ ಬಾಗಿಲು ತೆರೆಯಲಿಲ್ಲವಂತೆ. ಒಳಗೆ ಅವ್ವ ಅಳುವುದು ಕೇಳಿಸುತ್ತಿತ್ತಂತೆ... ಕೊನೆಗೆ ಹಿರಿಯರು ಕೂಡಿ, ಕೆಟ್ಟ ಹೆಸರು ಬಂದ ಹುಡುಗಿಯನ್ನು ಇನ್ನಾರು ಮಾಡಿಕೊಳ್ಳುತ್ತಾರೆಂದು, ಕಾಕಾಗೇ ಕಟ್ಟಿದರು.

"ಮುಂದ ಛಲೋನ ನೋಡಿಕೊಂಡ್ರು. ಹೊಡೀಲಿಲ್ಲ, ಬಡೀಲಿಲ್ಲ. ಮಂದಿ ಹೇಳಿ ಹೇಳಿ, ಅದು ಪ್ರೀತಿ ಅಂತ ಅವರಿಗೂ ಅನಸಿತ್ತು ಕಾಣ್ತದ. ನಾ ಬ್ಯಾಡ ಅಂದದ್ದು ಮಾತ್ರ ಯಾರ ಕಥ್ಯಾಗೂ ಬರಲಿಲ್ಲ. ನಾ ಇರೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ಮಕ್ಕಳು ಅಪ್ಪನ ಫೋಟೋಕ್ಕ ಕೈ ಮುಗೀತಾವ."

ಅಕ್ಕಲಕೋಟೆ ಬರುವವರೆಗೂ ಆಕೆಯ ಕೈ ಹಿಡಿದುಕೊಂಡೇ ಕೂತಿದ್ದೆ. ಒರಟು ಕೈ, ಎಷ್ಟು ತೊಳೆದರೂ ಬೆಳ್ಳುಳ್ಳಿಯ ವಾಸನೆ. ಆ ಕೈಯೆಂದರೆ ನನಗೆ ಎಷ್ಟು ಪ್ರೀತಿ ಎಂಬುದು ಅವತ್ತು ತಿಳಿಯಿತು.

ಧಾರಾವಾಹಿಯ ಕೊನೆಯ ಕಂತು ಬಂತು. ಅಚ್ಚಾಗಿದ್ದದ್ದು ಮದುವೆ. ಬಾಸಿಂಗ, ಓಲಗ, ಹುಡುಗಿ ಆನಂದಬಾಷ್ಪ ಸುರಿಸುತ್ತ ಅವನ ಕಾಲಿಗೆ ಬೀಳುತ್ತಾಳೆ. ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಬೇರೆಯೇ ಓದಿದೆ. ಹುಡುಗಿ ತೋಟದ ಮನೆಯ ಕಿಟಕಿ ಮುರಿದು ತವರಿಗೆ ಓಡಿದಳು. ಅಪ್ಪ ಕಂದೀಲು ಹಿಡಿದುಕೊಂಡು ಬಂದು ಬಾಗಿಲು ತೆರೆದ. "ಬಾ ಮಗಳೆ" ಅಂದ. ಮುಗಿಯಿತು.

"ಇದೆಂಥಾ ಕಥಿ! ಮದಿವಿನ ಇಲ್ಲ!" ಎಂದಳು ನನ್ನವ್ವ. "ಇಷ್ಟು ದಿನ ಕೇಳಿದ್ದು ಇದಕ್ಕೇನ?" ಉಳಿದವರೂ ಬರೆದವರಿಗೆ ಶಾಪ ಹಾಕುತ್ತ ಮೊರ ಎತ್ತಿಕೊಂಡು ಎದ್ದರು. ಪಾಪ, ಆತನದೇನೂ ತಪ್ಪಿರಲಿಲ್ಲ.

ಮಾವಶಿ ಮಾತ್ರ ಕೂತೇ ಇದ್ದಳು. "ಕಡೀದಷ್ಟು ಮತ್ತೊಮ್ಮೆ ಓದು."

ಓದಿದೆ, ಅಂದರೆ ಮತ್ತೆ ಕಟ್ಟಿದೆ. ಮೊದಲು ಏನು ಹೇಳಿದ್ದೆನೋ ಗಾಬರಿಯಲ್ಲಿ ಪೂರ್ತಿ ನೆನಪಾಗಲಿಲ್ಲ. ಮಾವಶಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಮದ್ಲ ಅಪ್ಪನ ಕೈಯಾಗ ಕಂದೀಲಿತ್ತು. ಈಗ ಕತ್ತಲಾಗ ಬಂದ."

ನಾನು ತಲೆ ತಗ್ಗಿಸಿದೆ. ಆಕೆ ನಕ್ಕಳು, ಕಣ್ಣು ತುಂಬಿದ್ದವು. "ಇರ್ಲಿ ಬಿಡು. ಬಾಗಲಾ ತಗದನಲ್ಲ," ಎಂದು ಆಗಷ್ಟೇ ಕುಟ್ಟಿದ ಚಟ್ನಿಯನ್ನು ರೊಟ್ಟಿಯ ಮೇಲಿಟ್ಟು ನನ್ನ ಕೈಗೆ ಕೊಟ್ಟಳು.

ಮಾವಶಿ ಹೋಗಿ ಬಹಳ ವರ್ಷವಾಯಿತು. ವಾಡೆ ಬಿದ್ದು ಅಲ್ಲಿ ಮೊಬೈಲಿನ ಅಂಗಡಿಗಳಾಗಿವೆ. ಆಕೆ ಕುಟ್ಟುವುದನ್ನು ನಿಲ್ಲಿಸಿ "ನಿಂದರ" ಅನ್ನುತ್ತಿದ್ದ ದನಿ ನನಗೆ ಈಗಲೂ ಬೇಕೆನಿಸುತ್ತದೆ, ಅದರಲ್ಲೂ ಏನಾದರೂ ಬರೆಯಲು ಕೂತಾಗ.

ಮೊಮ್ಮಗಳು ಬರೆಯಿರಿ ಅಂದಿದ್ದಳು, ಬರೆದಿದ್ದೇನೆ. ಅವಳಿಗೆ ಕನ್ನಡ ಆಡಲು ಬರುತ್ತದೆ, ಓದಲು ಬರುವುದಿಲ್ಲ. ಭಾನುವಾರ ಬರುತ್ತೇನೆ, ನೀವೇ ಓದಿ ತೋರಿಸಿರಿ ಅಂದಿದ್ದಾಳೆ. ಎದುರಿಗೆ ಕೂತು, ಅಜ್ಜಿಯ ಲವ್ ಮ್ಯಾರೇಜ್ ಕೇಳಲು ಕಣ್ಣರಳಿಸಿಕೊಂಡಿರುತ್ತಾಳೆ. ಅಪ್ಪ ಬಾಗಿಲು ತೆರೆಯಲಿಲ್ಲ ಎನ್ನುವಲ್ಲಿ ನನ್ನ ದನಿ ಏನಾಗುತ್ತದೋ... ಆದರೂ ಈ ಸಲ ಇದ್ದದ್ದನ್ನು ಇದ್ದಹಾಗೆಯೇ ಓದುತ್ತೇನೆ.