ನೈರುತ್ಯದ ಕಿಟಕಿಗಳು

ಅವರ ಬಲಗೈ ತೋರುಬೆರಳಿನ ಉಗುರು ಎಷ್ಟು ತಿಕ್ಕಿ ತೊಳೆದರೂ ಕಪ್ಪಾಗಿಯೇ ಇರುತ್ತಿತ್ತು. ಮೂವತ್ತು ವರ್ಷ ನಕ್ಷೆಯ ಶಾಯಿ ಕುಡಿದ ಉಗುರು ಅದು. ಮೈಸೂರಿನ ಕಡೆಯವರು, ಸಯನ್‌ನಲ್ಲಿ ಮನೆ, ನಮ್ಮ ಕಚೇರಿಯ ಹೆಡ್ ಡ್ರಾಫ್ಟ್ಸ್‌ಮನ್. ನನ್ನ ಗೆರೆ ದಪ್ಪವಾದರೆ "ಇದೇನು ಗೆರೆನೋ, ಗಟಾರನೋ?" ಎಂದು ಬೈಯುವರು, ಬೈದ ಮೇಲೆ ತಮ್ಮ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ನನಗೆ ಕೊಡುವರು.

ಐವತ್ತರ ದಶಕದ ಕೊನೆಗೆ ಪೋಲೆಂಡಿನ ಸರ್ಕಾರ ಒಬ್ಬ ವಾಸ್ತುಶಿಲ್ಪಿಯನ್ನು ಕಳಿಸಿತು. ಕಾಂದಿವಲಿಯಲ್ಲಿ ಕಾರ್ಖಾನೆಯ ಕೆಲಸಗಾರರಿಗೆ ಮನೆ ಕಟ್ಟುವುದಿತ್ತು. ಒಳ್ಳೆಯ ಮನುಷ್ಯ, ನಮ್ಮ ಜೊತೆಗೇ ಕೂತು ಚಹಾ ಕುಡಿಯುತ್ತಿದ್ದ. ತನ್ನ ಚಳಿದೇಶದ ರೂಢಿಯಂತೆ, ಬಿಸಿಲು ಒಳಗೆ ಬರಲೆಂದು ಪ್ರತಿ ಕೋಣೆಯ ದೊಡ್ಡ ಕಿಟಕಿಯನ್ನು ನೈರುತ್ಯಕ್ಕೆ ಇಟ್ಟಿದ್ದ. ಮಳೆ ತಡೆಯುವ ಸಜ್ಜಾ ಇರಲಿಲ್ಲ. ನಾನೂ ಹೆಡ್ ಡ್ರಾಫ್ಟ್ಸ್‌ಮನ್ನರೂ ಸೇರಿ ಅವನ ನಕ್ಷೆಯನ್ನು ಶಾಯಿಯಲ್ಲಿ ಟ್ರೇಸ್ ಮಾಡಿದೆವು. ಮುಗಿದ ದಿನ ಅವನು, "ಈ ಊರು ನಿಮಗೆ ಗೊತ್ತು. ತಪ್ಪಿದ್ದರೆ ಹೇಳಿ," ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿದ. ನಮ್ಮ ಹೆಡ್ ಕೈಮುಗಿದು, "ಫಸ್ಟ್ ಕ್ಲಾಸ್ ಸಾರ್," ಎಂದರು.

ಆಮೇಲೆ ನನ್ನತ್ತ ತಿರುಗಿ, "ಅಷ್ಟು ದೂರದಿಂದ ಬಂದೋರ ಮುಖಕ್ಕೆ ತಪ್ಪು ಹೇಳೋದೇನಯ್ಯಾ? ಕಟ್ಟೋವಾಗ ಇಂಜಿನಿಯರ್ ಸರಿ ಮಾಡ್ತಾರೆ ಬಿಡು," ಎಂದರು. ನಾನು ಉಡುಪಿಯವನು, ಮಳೆ ಯಾವ ಕಡೆಯಿಂದ ಹೊಡೆಯುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ "ಹೌದು ಸಾರ್" ಎಂದೆ. ಇಂಜಿನಿಯರ್ ಫಾರಿನ್ ನಕ್ಷೆಯೆಂದು ಒಂದು ಗೆರೆಯನ್ನೂ ಮುಟ್ಟಲಿಲ್ಲ.

ಮೊದಲ ಮಳೆಗಾಲದಲ್ಲೇ ಕೋಣೆಗಳಿಗೆ ನೀರು ನುಗ್ಗಿತು. ಜನ ಕಿಟಕಿಗಳಿಗೆ ತಗಡು ಬಡಿದರು. ಹಾಗೆ ಮುಚ್ಚಿದ ಕೋಣೆಯೊಂದರಲ್ಲಿ ಬಾಣಂತಿಯ ಮಂಚದ ಕೆಳಗೆ ಬೆಚ್ಚಗಿರಲೆಂದು ಇದ್ದಿಲ ಅಗ್ಗಿಷ್ಟಿಕೆ ಇಟ್ಟಿದ್ದರು. ಕೆಂಡದ ವಿಷಗಾಳಿಗೆ ಹೊರದಾರಿ ಇರಲಿಲ್ಲ, ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಮಗು ಹೊರಗೆ ಅಜ್ಜಿಯ ತೊಡೆಯ ಮೇಲಿತ್ತು, ಉಳಿಯಿತು.

ವಿಚಾರಣೆಗೆ ಬಂದ ಅಧಿಕಾರಿ, "ತಪ್ಪು ಹೇಳದೆ ಈ ನಕ್ಷೆ ಟ್ರೇಸ್ ಮಾಡಿದವರು ನಿಮ್ಮ ಜೊತೆ ಇನ್ಯಾರು?" ಎಂದು ಕೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. "ಇನ್ಯಾರೂ ಇಲ್ಲ ಸಾರ್, ನಾನೊಬ್ಬನೇ," ಎಂದರು ನಮ್ಮ ಹೆಡ್. ಅವರ ಕೆಲಸ ಹೋಯಿತು.

ಆಮೇಲೆ ಮಳೆ ಬಂದ ದಿನವೆಲ್ಲ ಲೋಕಲ್ ರೈಲು ಹಿಡಿದು ಹೋಗಿ ಆ ಬಿಲ್ಡಿಂಗಿನೆದುರು ಕೊಡೆ ಹಿಡಿದು ನಿಲ್ಲುತ್ತಿದ್ದರು. ಕರೆತರಲು ಹೋದರೆ, "ಇರು, ಆ ಮಗು ಅಳ್ತಿದೆ ಕಣೋ, ಕೇಳಿಸ್ತಿಲ್ವಾ?" ಎನ್ನುವರು. ಮಗುವನ್ನು ಅಜ್ಜಿ ಊರಿಗೆ ಒಯ್ದು ತಿಂಗಳುಗಳಾಗಿದ್ದವು. ನನಗೆ ಹೆದರಿಕೆಯಾಗುತ್ತಿತ್ತು. ಈಗ ಕೆಲವು ಮಳೆಗಳಲ್ಲಿ ನನಗೂ ಕೇಳಿಸುತ್ತದೆ.

ಮರುವರ್ಷದ ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡರು. ಅವರ ಕುರ್ಚಿಯಲ್ಲಿ ಕೂತು ನಾನು ಪೆನ್ಶನ್ನಿನವರೆಗೂ ದುಡಿದೆ. ಆ ನಕ್ಷೆಯಲ್ಲಿ ಗೋಡೆಗಳನ್ನು ಎಳೆದದ್ದು ಅವರು. ಕಿಟಕಿಗಳನ್ನು ಎಳೆದದ್ದು ನಾನು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.