ಮಂಗಳ ಗ್ರಹದವನಿಗೆ ಕಿಟಕಿ ಸೀಟು

ಮುಂಬಯಿಯ ಕುರ್ಲಾದಲ್ಲಿ ತುಂಬಿ ತುಳುಕುವ ಲೋಕಲ್ ರೈಲು ಹತ್ತಿ, ಎದುರು ಕೂತಿದ್ದ ಹೆಂಗಸನ್ನು “ಎಲ್ಲಿ ಇಳೀತೀರಿ?” ಎಂದು ಹಿಂದಿಯಲ್ಲಿ ಕೇಳಿದೆ. “ವಡಾಲ, ಆಮೇಲೆ ನೀವು ಕೂತ್ಕೊಳ್ಳಿ” ಎಂದರು. ಆಗ ಅವರ ಕೈಯಲ್ಲಿದ್ದ ಪುಸ್ತಕ ಕಂಡಿತು. ಅದು ನಾನೇ ಬರೆದ ನಗೆ ಕಾದಂಬರಿ. ಮಂಗಳ ಗ್ರಹದವನೊಬ್ಬ ಕೆಲಸ ಹುಡುಕಿಕೊಂಡು ಮುಂಬಯಿಗೆ ಬರುವ ಕಥೆ. ಗುರುತಿಲ್ಲದವರೊಬ್ಬರು ನನ್ನ ಪುಸ್ತಕ ಓದುವುದನ್ನು ನಾನು ಕಂಡದ್ದು ಅಂದೇ ಮೊದಲು.

“ಪುಸ್ತಕ ಹೇಗಿದೆ?” ಎಂದೆ ಕನ್ನಡದಲ್ಲಿ, ಏನೂ ಗೊತ್ತಿಲ್ಲದವಳ ಹಾಗೆ.

“ಮಂಗಳ ಗ್ರಹದಿಂದ ಬಂದಾನ, ಬರ್ಲಿ. ಮೂರು ತಲಿ ಅದಾವ, ಇರ್ಲಿ. ಆದ್ರ ಮುಂಜಾನಿ ಕುರ್ಲಾದಾಗ ಹತ್ತಿದಾಂವಗ ಕಿಟಕಿ ಸೀಟು ಸಿಕ್ತಂತ. ಸುಳ್ಳು ಬರಿಯಾಕೂ ಒಂದ್ ಮಿತಿ ಬೇಕಲ್ರೀ? ಇದನ್ನ ಬರದಾಕಿ ಲೋಕಲ್ ಹತ್ತಿದಾಕಿ ಅಲ್ಲ ಬಿಡ್ರಿ.”

ಯಾರದೋ ಮೊಣಕೈ ನನ್ನ ಪಕ್ಕೆಗೆ ಒತ್ತುತ್ತಿತ್ತು. ಬರೆದವಳು ನಾನೇ ಎನ್ನಲು ಬಾಯಿ ತೆರೆದೆ. ಸಿಟ್ಟಾಗಿ ಸೀಟನ್ನು ಬೇರೆಯವರಿಗೆ ಕೊಟ್ಟುಬಿಟ್ಟರೆ? ಬಾಯಿ ಮುಚ್ಚಿಕೊಂಡೆ. ವಡಾಲ ಬಂತು, ಅವರು ಇಳಿದರು, ನಾನು ಕೂತೆ.

ಪುಸ್ತಕ ಮತ್ತೆ ಅಚ್ಚಾದರೆ ಮಂಗಳ ಗ್ರಹದವನನ್ನು ಬಾಗಿಲಲ್ಲೇ ನೇತಾಡಿಸುತ್ತೇನೆ. ಮೂರು ತಲೆ ಹಾಗೇ ಇರಲಿ, ಅದಕ್ಕೆ ಯಾರ ತಕರಾರೂ ಇಲ್ಲ.